ಟರ್ಕಿ ಪಾಸ್‌ಪೋರ್ಟ್ ಹಿಡಿದು ವಿದೇಶಕ್ಕೆ: ವೀಸಾ, ದಾರಿ, ದಿನಗಳ ಲೆಕ್ಕ

ಸರ್ಬಿಯಾಕ್ಕೆ ಹೋಗಲು ಟರ್ಕಿ ಪ್ರಜೆಗಳಿಗೆ ವೀಸಾ ಬೇಡ. ಆದರೆ ಇಸ್ತಾಂಬುಲ್‌ನಿಂದ ಬೆಲ್‌ಗ್ರೇಡ್‌ಗೆ ಬಸ್ ಹತ್ತಿದರೆ ಎದಿರ್ನೆ ದಾಟಿದೊಡನೆ ಕಪಿಕುಲೆ ಗಡಿಯಲ್ಲೇ ಪ್ರಯಾಣ ನಿಂತುಹೋಗಬಹುದು. ದಾರಿ ಇರುವುದು ಬಲ್ಗೇರಿಯಾದ ಮೂಲಕ, ಮತ್ತು ಬಲ್ಗೇರಿಯಾ 2025ರ ಜನವರಿ 1ರಿಂದ ಪೂರ್ಣವಾಗಿ ಶೆಂಗೆನ್ ವಲಯದೊಳಗಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಆ ಗುಂಪಿಗೆ ಸಾಮಾನ್ಯ ಟರ್ಕಿ ಪಾಸ್‌ಪೋರ್ಟಿನವರಿಗೆ ವೀಸಾ ಬೇಕು. ಅದೇ ಊರಿಗೆ ನೇರ ವಿಮಾನದಲ್ಲಿ ಹೋದರೆ ಯಾವ ತೊಂದರೆಯೂ ಇಲ್ಲ. ಹಾಗಾಗಿ ‘ಆ ದೇಶಕ್ಕೆ ವೀಸಾ ಬೇಕಾ?’ ಎಂದು ಕೇಳುವುದರ ಜೊತೆಗೆ ಇನ್ನೂ ಮೂರನ್ನು ಕೇಳಿಕೊಳ್ಳಬೇಕು: ಕೈಯಲ್ಲಿರುವುದು ಯಾವ ಬಗೆಯ ಪಾಸ್‌ಪೋರ್ಟ್, ದಾರಿಯಲ್ಲಿ ಯಾವ ದೇಶ ಬರುತ್ತದೆ, ಎಷ್ಟು ದಿನ ಇರುವುದು. ಈ ಮೂರಕ್ಕೂ ಉತ್ತರ ಸಿಗುವ ತನಕ ಟಿಕೆಟ್‌ಗೆ ದುಡ್ಡು ಕಟ್ಟಬಾರದು.

ಟರ್ಕಿಯ ಸಂಗಾತಿಯನ್ನೋ ಸಹೋದ್ಯೋಗಿಯನ್ನೋ ಜೊತೆಗೆ ಕರೆದುಕೊಂಡು ಹೊರಡುವ ಕನ್ನಡಿಗರಿಗೆ, ಟರ್ಕಿಯಿಂದ ಜನರನ್ನು ಸಭೆಗೆ ಕರೆಸುವ ಬೆಂಗಳೂರಿನ ಕಂಪನಿಗಳಿಗೆ, ಟ್ರಾವೆಲ್ ಏಜೆನ್ಸಿಯಲ್ಲಿ ಇಂಥ ಫೈಲು ನೋಡುವವರಿಗೆ ಈ ಬರಹ. ಭಾರತೀಯ ಪಾಸ್‌ಪೋರ್ಟಿನ ಅನುಭವದಿಂದ ಟರ್ಕಿಯದನ್ನು ಊಹಿಸಲು ಹೋದರೆ ಕೆಲವು ಕಡೆ ಸರಿಹೋಗುತ್ತದೆ, ಕೆಲವು ಕಡೆ ಪೂರ್ತಿ ತಪ್ಪುತ್ತದೆ. ಜಪಾನಿಗೆ ನಮಗೆ ವೀಸಾ ಬೇಕು, ಅವರಿಗೆ ಬೇಡ. ಶೆಂಗೆನ್‌ಗೆ ಇಬ್ಬರಿಗೂ ಬೇಕು.

ಮೊದಲು ಪಾಸ್‌ಪೋರ್ಟಿನ ಬಣ್ಣ

ಟರ್ಕಿಯಲ್ಲಿ ನಾಲ್ಕು ಬಗೆಯ ಪಾಸ್‌ಪೋರ್ಟ್‌ಗಳಿವೆ. ಸಾಮಾನ್ಯರದ್ದು ಕಡುಗೆಂಪು, ಜನ ‘ಬೊರ್ಡೊ’ ಅನ್ನುತ್ತಾರೆ. ವಿಶೇಷ ಪಾಸ್‌ಪೋರ್ಟ್ ಹಸಿರು. ಸರ್ಕಾರಿ ಕೆಲಸದ ಮೇಲೆ ಕಳಿಸುವವರಿಗೆ ಬೂದು, ರಾಜತಾಂತ್ರಿಕರಿಗೆ ಕಪ್ಪು. ನಮ್ಮ ಓದುಗರಿಗೆ ಎದುರಾಗುವುದು ಹೆಚ್ಚಾಗಿ ಮೊದಲ ಎರಡು, ಮತ್ತು ಅವೆರಡರ ನಡುವಿನ ಅಂತರ ಬಹಳ ದೊಡ್ಡದು. ಹಸಿರು ಪಾಸ್‌ಪೋರ್ಟ್ ಇದ್ದವರು ಶೆಂಗೆನ್ ದೇಶಗಳಿಗೆ ವೀಸಾ ಇಲ್ಲದೆ ಹೋಗಿ 180 ದಿನಗಳಲ್ಲಿ 90 ದಿನ ಇರಬಹುದು. ಕಡುಗೆಂಪಿನವರು ತಿಂಗಳುಗಟ್ಟಲೆ ಅಪಾಯಿಂಟ್‌ಮೆಂಟ್ ಕಾಯಬೇಕಾಗುತ್ತದೆ.

ಹಸಿರು ಸಿಗುವುದು ಸರ್ಕಾರಿ ನೌಕರಿಯಲ್ಲಿ 1ರಿಂದ 3ನೇ ಶ್ರೇಣಿಯಲ್ಲಿರುವವರಿಗೆ, ಆ ಶ್ರೇಣಿಯಲ್ಲಿ ನಿವೃತ್ತರಾದವರಿಗೆ, ನಿಗದಿತ ಮಟ್ಟದ ರಫ್ತು ಮಾಡುವ ಉದ್ಯಮಿಗಳಿಗೆ, 15 ವರ್ಷ ವೃತ್ತಿಯಲ್ಲಿರುವ ವಕೀಲರಿಗೆ. ನೌಕರರ ಸಂಗಾತಿಗೂ, ಮದುವೆಯಾಗದ, ಕೆಲಸಕ್ಕೆ ಸೇರದ, 25 ದಾಟದ ಮಕ್ಕಳಿಗೂ ಸಿಗುತ್ತದೆ. ಗಂಡನ ಹುದ್ದೆಯಿಂದ ಹೆಂಡತಿಗೂ, ಅಮ್ಮನ ಹುದ್ದೆಯಿಂದ ಮಗನಿಗೂ ಹಕ್ಕಿದೆ ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಅದನ್ನು ಮೊದಲು ವಿಚಾರಿಸಿ. ಆದರೆ ಹಸಿರು ಎಲ್ಲ ಬಾಗಿಲನ್ನೂ ತೆರೆಯುವುದಿಲ್ಲ. ಬ್ರಿಟನ್, ಅಮೆರಿಕ, ಕೆನಡಾಗಳಿಗೆ ಅವರೂ ವೀಸಾ ಮಾಡಿಸಬೇಕು.

ಪಾಸ್‌ಪೋರ್ಟ್ ಕೊಡುವುದು ಜನಸಂಖ್ಯಾ ನೋಂದಣಿ ಇಲಾಖೆ. 2018ರ ಏಪ್ರಿಲ್‌ಗೆ ಮೊದಲು ಪೊಲೀಸರ ಕೈಯಲ್ಲಿತ್ತು. ಇಲಾಖೆಯ ಜಾಲತಾಣದಲ್ಲೋ 199ಕ್ಕೆ ಕರೆ ಮಾಡಿಯೋ ಸಮಯ ಪಡೆದು, ಗುರುತಿನ ಚೀಟಿ, 50×60 ಮಿಲಿಮೀಟರಿನ ಬಯೋಮೆಟ್ರಿಕ್ ಫೋಟೊ, ಶುಲ್ಕ ಕಟ್ಟಿದ ರಸೀದಿ ಹಿಡಿದು ಖುದ್ದಾಗಿ ಹೋಗಬೇಕು. ಪುಸ್ತಕ ಅಂಚೆಯಲ್ಲಿ ಮನೆಗೆ ಬರುತ್ತದೆ. ಶುಲ್ಕ ಎರಡು ಭಾಗ: ಅವಧಿಗೆ ತಕ್ಕ ‘ಹರ್ಚ್’, ಪುಸ್ತಕದ ಬೆಲೆಯಾದ ‘ದೆಫ್ತೆರ್’ ಹಣ. ನಮ್ಮ ಖರ್ಚು, ದಫ್ತರುಗಳ ಸೋದರ ಪದಗಳೇ ಇವು, ಹಾಗಾಗಿ ಅಲ್ಲಿನ ಕಚೇರಿ ಮಾತು ಕನ್ನಡದ ಕಿವಿಗೆ ಅಷ್ಟೇನೂ ಹೊಸದಲ್ಲ. 25 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಹರ್ಚ್ ಮನ್ನಾ, ಪುಸ್ತಕದ ಹಣ ಮಾತ್ರ. ದೊಡ್ಡವರು 10 ವರ್ಷದ್ದನ್ನೇ ಮಾಡಿಸುವುದು ಒಳ್ಳೆಯದು. ಕಾರಣ ಮುಂದೆ ಬರುತ್ತದೆ: ಐದು ವರ್ಷದ ವೀಸಾ ಸಿಗುವ ಹೊತ್ತಿಗೆ ಪಾಸ್‌ಪೋರ್ಟಿನಲ್ಲಿ ಎರಡೇ ವರ್ಷ ಉಳಿದಿದ್ದರೆ ವೀಸಾವೂ ಮೊಟಕಾಗುತ್ತದೆ.

ವೀಸಾ ಇಲ್ಲದೆ ಹೋಗಬಹುದಾದ ಕಡೆ

ಪಾಸ್‌ಪೋರ್ಟೂ ಬೇಡದ ದೇಶಗಳಿವೆ. ಜಾರ್ಜಿಯಾ, ಅಜರ್‌ಬೈಜಾನ್, ಮೊಲ್ಡೊವಾ, ಉತ್ತರ ಸೈಪ್ರಸ್‌ಗಳಿಗೆ ಚಿಪ್ ಇರುವ ಹೊಸ ಗುರುತಿನ ಚೀಟಿ ಸಾಕು. ಹಳೆಯ ಕಾಗದದ ನುಫುಸ್ ಚೀಟಿ ತಂದವರನ್ನು ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಬಹುದು. ಅಜರ್‌ಬೈಜಾನಿಗೆ ಚೀಟಿಯ ಸೌಲಭ್ಯ ನೇರ ಪ್ರಯಾಣಕ್ಕೆ ಮಾತ್ರ. ನಡುವೆ ಬೇರೆ ದೇಶ ಇಳಿದು ಹೋಗುವುದಾದರೆ ಪಾಸ್‌ಪೋರ್ಟ್ ಇರಬೇಕು. ಅಲ್ಲಿ 15 ದಿನಕ್ಕಿಂತ ಹೆಚ್ಚು ಉಳಿಯುವವರು ವಲಸೆ ಇಲಾಖೆಯಲ್ಲಿ ವಿಳಾಸ ನೋಂದಾಯಿಸದಿದ್ದರೆ ಹೊರಡುವಾಗ ದಂಡ ಬೀಳುತ್ತದೆ. ಜಾರ್ಜಿಯಾ ಒಂದು ವರ್ಷದವರೆಗೆ ಇರಗೊಡುತ್ತದೆ, ಆದರೆ 2026ರ ಜನವರಿ 1ರಿಂದ ಪ್ರವಾಸಿಗರೆಲ್ಲರಿಗೂ ಕನಿಷ್ಠ 30,000 ಲಾರಿ (ಅಲ್ಲಿನ ನಾಣ್ಯ) ಮೊತ್ತದ ಆರೋಗ್ಯ ಮತ್ತು ಅಪಘಾತ ವಿಮೆ ಕಡ್ಡಾಯ ಮಾಡಿದೆ. ಉತ್ತರ ಸೈಪ್ರಸ್‌ಗೆ ಹೋದವರು ದ್ವೀಪವನ್ನು ಇಬ್ಭಾಗ ಮಾಡುವ ‘ಹಸಿರು ಗೆರೆ’ ದಾಟಿ ದಕ್ಷಿಣಕ್ಕೆ ಹೋಗಿ ಬರೋಣ ಎಂದುಕೊಳ್ಳಬಾರದು. ಉತ್ತರದ ಬಂದರು, ನಿಲ್ದಾಣಗಳಿಂದ ಒಳಬಂದದ್ದನ್ನು ಸೈಪ್ರಸ್ ಗಣರಾಜ್ಯ ಕಾನೂನುಬದ್ಧ ಪ್ರವೇಶ ಎಂದು ಒಪ್ಪುವುದಿಲ್ಲ.

ಪಾಸ್‌ಪೋರ್ಟ್ ತೋರಿಸಿ ವೀಸಾ ಇಲ್ಲದೆ ಹೋಗುವ ದೇಶಗಳ ಪಟ್ಟಿ ಉದ್ದವಿದೆ. ಬಾಲ್ಕನ್‌ನಲ್ಲಿ ಸರ್ಬಿಯಾ, ಬೋಸ್ನಿಯಾ, ಅಲ್ಬೇನಿಯಾ, ಉತ್ತರ ಮ್ಯಾಸಿಡೋನಿಯಾ, ಕೊಸೊವೊ. ದಕ್ಷಿಣ ಅಮೆರಿಕದಲ್ಲಿ ಬ್ರೆಜಿಲ್, ಅರ್ಜೆಂಟೀನಾ, ಚಿಲಿ, ಕೊಲಂಬಿಯಾ. ಏಷ್ಯಾದಲ್ಲಿ ಜಪಾನ್, ದಕ್ಷಿಣ ಕೊರಿಯಾ, ಮಲೇಷ್ಯಾ. ಆಫ್ರಿಕಾದಲ್ಲಿ ಮೊರಾಕೊ, ಟುನೀಶಿಯಾ. ಹೆಚ್ಚಿನವುಗಳಲ್ಲಿ ಮಿತಿ 90 ದಿನ.

ವೀಸಾ ಬೇಡ ಅಂದ ಮಾತ್ರಕ್ಕೆ ಮುಂಚಿತವಾಗಿ ಏನೂ ತುಂಬಬೇಕಿಲ್ಲ ಅಂತಲ್ಲ. ದಕ್ಷಿಣ ಕೊರಿಯಾಕ್ಕೆ ಕೆ-ಇಟಿಎ ಎಂಬ ಆನ್‌ಲೈನ್ ಪೂರ್ವಾನುಮತಿ ಬೇಕು, ಶುಲ್ಕ 10,000 ವೊನ್. ಹೊರಡುವ ಹಿಂದಿನ ದಿನ ಅರ್ಜಿ ಹಾಕಿದರೆ ಸಿಗುತ್ತದೆಂಬ ಖಾತ್ರಿ ಇಲ್ಲ, ಕನಿಷ್ಠ 72 ಗಂಟೆ ಮೊದಲು ಹಾಕಿ. ಮಲೇಷ್ಯಾಕ್ಕೂ ಥಾಯ್ಲೆಂಡಿಗೂ ಇಳಿಯುವ ಮೂರು ದಿನದೊಳಗೆ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಇವೆರಡೂ ಉಚಿತ, ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ. ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದು ಇಟಿಎ ತಂದಿದೆ, 30 ಡಾಲರ್. ಉಗಾಂಡಾದಂಥ ದೇಶಗಳಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಟರ್ಕಿಯಲ್ಲಿ ಆ ಲಸಿಕೆಯನ್ನು ಪ್ರಯಾಣ ಆರೋಗ್ಯ ಕೇಂದ್ರಗಳಲ್ಲಿ ಹಾಕುತ್ತಾರೆ, ಹಾಕಿಸಿದ 10 ದಿನದ ನಂತರವಷ್ಟೇ ಪ್ರಮಾಣಪತ್ರಕ್ಕೆ ಬೆಲೆ.

ಇಂಥ ಪಟ್ಟಿಗಳನ್ನು ಟಿಕೆಟ್ ಕೊಳ್ಳುವ ದಿನವೂ ಹೊರಡುವ ವಾರವೂ ಎರಡು ಸಲ ನೋಡಲೇಬೇಕು. 2025ರ ಅಕ್ಟೋಬರ್ ಕೊನೆಯಲ್ಲಿ ಪೊಡ್ಗೊರಿತ್ಸಾದ ಒಂದು ಚೂರಿ ಇರಿತದ ಪ್ರಕರಣದ ಬೆನ್ನಲ್ಲೇ ಮಾಂಟೆನೆಗ್ರೊ ಟರ್ಕಿ ಪ್ರಜೆಗಳ ವೀಸಾರಹಿತ ಪ್ರವೇಶವನ್ನು ಕೆಲವೇ ದಿನಗಳಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿತು. ಹೋಟೆಲ್ ಬುಕ್ ಮಾಡಿ ಕೂತಿದ್ದವರಿಗೆ ಮುನ್ಸೂಚನೆ ಇರಲಿಲ್ಲ.

ದಾರಿಯಲ್ಲಿ ಸಿಗುವ ದೇಶ

ಬ್ರೆಜಿಲ್‌ಗೆ ವೀಸಾ ಬೇಡ, ಟಿಕೆಟ್ ಲಂಡನ್ ಮೂಲಕ ಅಗ್ಗವಾಗಿ ಸಿಕ್ಕಿದೆ. ಇಲ್ಲಿ ಎಡವುತ್ತಾರೆ. ಬ್ರಿಟನ್ನಿನಲ್ಲಿ ವಿಮಾನ ಬದಲಿಸಲು, ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ, ಟರ್ಕಿ ಪ್ರಜೆಗಳಿಗೆ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕದಲ್ಲಂತೂ ಟ್ರಾನ್ಸಿಟ್ ಎಂಬ ಪ್ರತ್ಯೇಕ ಜಾಗವೇ ಇಲ್ಲ. ಎಲ್ಲರೂ ವಲಸೆ ತಪಾಸಣೆ ದಾಟಬೇಕು, ಅಂದರೆ ಸಿ-1 ಎಂಬ ಟ್ರಾನ್ಸಿಟ್ ವೀಸಾ ಅಥವಾ ಬೇರೆ ವೀಸಾ ಇರಬೇಕು. ಶೆಂಗೆನ್‌ನ ಕೆಲವು ದೇಶಗಳೂ ನಿಲ್ದಾಣದೊಳಗಿನ ಟ್ರಾನ್ಸಿಟ್‌ಗೇ ವೀಸಾ ಕೇಳುತ್ತವೆ, ಅದು ದೇಶದಿಂದ ದೇಶಕ್ಕೆ ಬೇರೆ.

ಇನ್ನೊಂದು ಗುಂಡಿ ಎರಡು ಬಿಡಿ ಟಿಕೆಟ್‌ಗಳದ್ದು. ಇಸ್ತಾಂಬುಲ್‌ನಿಂದ ಮಿಲಾನ್‌ಗೆ ಒಂದು ಕಂಪನಿ, ಮಿಲಾನ್‌ನಿಂದ ಕಾಸಾಬ್ಲಾಂಕಾಕ್ಕೆ ಇನ್ನೊಂದು. ಬ್ಯಾಗು ಬೆಲ್ಟಿನಿಂದ ಎತ್ತಿಕೊಂಡು ಮತ್ತೆ ಚೆಕ್-ಇನ್ ಮಾಡಲು ಗಡಿ ದಾಟಿ ಹೊರಬರಬೇಕು, ಅದಕ್ಕೆ ಶೆಂಗೆನ್ ವೀಸಾ ಬೇಕು. ಮೊರಾಕೊಗೆ ವೀಸಾ ಬೇಡ ಎಂಬುದು ಇಸ್ತಾಂಬುಲ್ ಕೌಂಟರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ, ವಿಮಾನ ಹತ್ತಿಸುವುದೇ ಇಲ್ಲ. ಒಂದೇ ಟಿಕೆಟ್ ನಂಬರಿನಲ್ಲಿ ಬ್ಯಾಗು ಕೊನೆಯ ಊರಿನ ತನಕ ಹೋಗುತ್ತದೆಯೇ ಎಂದು ಖರೀದಿಗೆ ಮುಂಚೆಯೇ ಖಚಿತಪಡಿಸಿಕೊಳ್ಳಿ.

ಹೆಸರಿನ ವಿಚಾರವೂ ಇಲ್ಲೇ. ಟರ್ಕಿಶ್ ಅಕ್ಷರಮಾಲೆಯಲ್ಲಿ ಚುಕ್ಕಿ ಇರುವ, ಇಲ್ಲದ ಎರಡು ‘ಐ’ಗಳಿವೆ, ಬಾಲ ಇರುವ ‘ಎಸ್’ ಇದೆ, ಟೊಪ್ಪಿ ಹಾಕಿದ ‘ಜಿ’ ಇದೆ. ಟಿಕೆಟ್, ಇಟಿಎ, ವೀಸಾ ಅರ್ಜಿ ಎಲ್ಲದರಲ್ಲೂ ಪಾಸ್‌ಪೋರ್ಟ್ ಪುಟದ ಕೆಳಗಿನ ಯಂತ್ರ ಓದುವ ಎರಡು ಸಾಲುಗಳಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಯಿರಿ. ಮದುವೆಯ ನಂತರ ಎರಡು ಅಡ್ಡಹೆಸರು ಇಟ್ಟುಕೊಂಡ ಹೆಂಗಸರು ಎರಡನ್ನೂ ಬರೆಯಬೇಕು.

ಶೆಂಗೆನ್: ಎಲ್ಲಿಗೆ, ಯಾವಾಗ ಅರ್ಜಿ

ಟರ್ಕಿಗೂ ಯುರೋಪಿಗೂ ವೀಸಾ ರದ್ದತಿಯ ಮಾತುಕತೆ 2013ರಿಂದ ನಡೆದಿದೆ. 72 ಷರತ್ತುಗಳಲ್ಲಿ 6 ಉಳಿದುಕೊಂಡು ವಿಷಯ ಅಲ್ಲೇ ನಿಂತಿದೆ. ಅಲ್ಲಿಯವರೆಗೆ ಕಡುಗೆಂಪು ಪಾಸ್‌ಪೋರ್ಟಿನವರಿಗೆ ಅರ್ಜಿಯೇ ಗತಿ.

ಯಾವ ದೇಶದ ದೂತಾವಾಸ ಎಂಬುದನ್ನು ಪ್ರವಾಸದ ಯೋಜನೆ ನಿರ್ಧರಿಸುತ್ತದೆ, ಅಪಾಯಿಂಟ್‌ಮೆಂಟ್ ಸಿಗುವ ಸುಲಭ ಅಲ್ಲ. ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಅರ್ಜಿ. ರಾತ್ರಿಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಇಟಲಿಯಲ್ಲಿ 6 ರಾತ್ರಿ, ಗ್ರೀಸಿನಲ್ಲಿ 2 ರಾತ್ರಿ ಇರುವವರು ಗ್ರೀಸಿನ ಅಪಾಯಿಂಟ್‌ಮೆಂಟ್ ಬೇಗ ಸಿಕ್ಕಿತೆಂದು ಅಲ್ಲಿ ಅರ್ಜಿ ಹಾಕಿ, ವೀಸಾ ಬಂದ ಮೇಲೆ ನೇರ ರೋಮ್‌ಗೆ ಹಾರುವುದು ಬಹಳ ಸಾಮಾನ್ಯ. ಗಡಿಯಲ್ಲಿ ಹೋಟೆಲ್ ಬುಕಿಂಗ್ ಕೇಳಿದರೆ ಸಿಕ್ಕಿಬೀಳುತ್ತಾರೆ. ಗಡಿ ದಾಟಿದರೂ ಮುಂದಿನ ಅರ್ಜಿಯಲ್ಲಿ ಅದು ಎದುರು ಬಂದು ಕೂರುತ್ತದೆ. ಟರ್ಕಿಯೊಳಗೆ ಯಾವ ಊರಿನ ದೂತಾವಾಸ ಎಂಬುದನ್ನು ನೋಂದಾಯಿತ ವಾಸದ ವಿಳಾಸ ತೀರ್ಮಾನಿಸುತ್ತದೆ. ಇಜ್ಮಿರ್‌ನಲ್ಲಿ ವಾಸವಿದ್ದು ಇಸ್ತಾಂಬುಲ್‌ನಲ್ಲಿ ಜಾಗ ಸಿಕ್ಕಿತೆಂದು ಹೋದರೆ ಫೈಲು ಹಿಂತಿರುಗಬಹುದು.

ನಿಯಮದ ಪ್ರಕಾರ ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಕೊಡಬಹುದು. 15 ದಿನದಲ್ಲಿ ತೀರ್ಮಾನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನ. ವಾಸ್ತವದಲ್ಲಿ ಸಮಯ ತಿನ್ನುವುದು ಪರಿಶೀಲನೆಗಿಂತ ಅಪಾಯಿಂಟ್‌ಮೆಂಟ್. ಬೇಸಿಗೆ ಪ್ರವಾಸವಾದರೆ ಚಳಿಗಾಲದಲ್ಲೇ ಹುಡುಕಾಟ ಶುರುವಾಗಬೇಕು. ಜಾಗ ಕೊಡಿಸುತ್ತೇವೆಂದು ದುಡ್ಡು ಕೇಳುವ ದಲ್ಲಾಳಿಗಳು ಟೆಲಿಗ್ರಾಂ, ವಾಟ್ಸಾಪ್ ಗುಂಪುಗಳಲ್ಲಿ ತುಂಬಿದ್ದಾರೆ. ಬೇರೆಯವರ ಹೆಸರಿನಲ್ಲಿ ಹಿಡಿದಿಟ್ಟ ಜಾಗವನ್ನು ಮಾರುವುದು ಅವರ ದಾರಿ. ಪಾಸ್‌ಪೋರ್ಟ್ ನಂಬರು ಹೊಂದದಿದ್ದರೆ ಅರ್ಜಿ ಕೇಂದ್ರದ ಬಾಗಿಲಲ್ಲೇ ಅದು ರದ್ದು. ಯಾವ ಕಂಪನಿ ಅರ್ಜಿ ತೆಗೆದುಕೊಳ್ಳುತ್ತದೆ ಎಂಬುದನ್ನು ಆಯಾ ದೂತಾವಾಸದ ಜಾಲತಾಣದಿಂದಲೇ ತಿಳಿದು, ಅಲ್ಲಿನ ಕೊಂಡಿ ಒತ್ತಿಯೇ ಮುಂದೆ ಹೋಗಿ.

ಫೈಲು ಕಟ್ಟುವುದು

ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಹಿಂತಿರುಗುವ ದಿನದಿಂದ ಇನ್ನೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಫೋಟೊ 35×45 ಮಿಲಿಮೀಟರ್, 6 ತಿಂಗಳೊಳಗೆ ತೆಗೆದದ್ದು. ಪಾಸ್‌ಪೋರ್ಟಿಗೆ ತೆಗೆಸಿದ 50×60ರ ಫೋಟೊ ಕತ್ತರಿಸಿ ತಂದರೆ ಮುಖದ ಅಳತೆ ಹೊಂದುವುದಿಲ್ಲ. ಅಮೆರಿಕಕ್ಕೆ ಮತ್ತೆ ಬೇರೆ, 5×5 ಸೆಂಟಿಮೀಟರ್. ಸ್ಟುಡಿಯೊದಲ್ಲಿ ಯಾವ ದೇಶಕ್ಕೆಂದು ಹೇಳಿ ತೆಗೆಸಿ. ವಿಮೆ ಕನಿಷ್ಠ 30,000 ಯುರೋ, ಎಲ್ಲ ಶೆಂಗೆನ್ ದೇಶಗಳಿಗೂ ಅನ್ವಯಿಸಬೇಕು, ಇರುವ ಅಷ್ಟೂ ದಿನಕ್ಕೆ. ಹೋಗಿ ಬರುವ ವಿಮಾನ ಮತ್ತು ಪ್ರತಿ ರಾತ್ರಿಯ ವಸತಿ ಬುಕಿಂಗ್. ಇಷ್ಟು ಯಾರ ಫೈಲಿನಲ್ಲೂ ಇರುತ್ತದೆ. ಗೆಲುವು ಸೋಲು ಇರುವುದು ಕೆಲಸ ಮತ್ತು ಹಣದ ಕಾಗದಗಳಲ್ಲಿ.

ಕೆಲಸದಲ್ಲಿರುವವರು ಹುದ್ದೆ, ಸಂಬಳ, ಸೇರಿದ ದಿನ, ರಜೆಯ ದಿನಾಂಕಗಳನ್ನು ಹೇಳುವ ಕಂಪನಿಯ ಪತ್ರ, ಮೂರು ತಿಂಗಳ ಸಂಬಳ ಚೀಟಿ, ಎಸ್‌ಜಿಕೆ ಎಂಬ ಸಾಮಾಜಿಕ ಭದ್ರತಾ ಸಂಸ್ಥೆಯ ಸೇವಾ ವಿವರ ಕೊಡುತ್ತಾರೆ. ಎಸ್‌ಜಿಕೆ ವಿವರವನ್ನು ಎ-ದೆವ್ಲೆತ್ ಎಂಬ ಸರ್ಕಾರಿ ಜಾಲತಾಣದಿಂದ ಬಾರ್‌ಕೋಡ್ ಸಮೇತ ಇಳಿಸಿಕೊಳ್ಳಬಹುದು. ಬಾರ್‌ಕೋಡ್ ಇದ್ದರೆ ದೂತಾವಾಸದವರು ತಾವೇ ಪರೀಕ್ಷಿಸುತ್ತಾರೆ. ಸ್ವಂತ ಕಂಪನಿ ಇದ್ದವರು ವಾಣಿಜ್ಯ ನೋಂದಣಿ ಗೆಜೆಟ್, ತೆರಿಗೆ ಫಲಕ, ಚಟುವಟಿಕೆ ಪತ್ರ, ಸಹಿ ಅಧಿಕಾರದ ಪತ್ರ ಸೇರಿಸಬೇಕು. ವಿದ್ಯಾರ್ಥಿಗಳು ವ್ಯಾಸಂಗ ಪತ್ರ ಮತ್ತು ಖರ್ಚು ನೋಡಿಕೊಳ್ಳುವವರ ಆದಾಯದ ಕಾಗದ. ಎಲ್ಲರೂ ಕುಟುಂಬದ ಸಂಪೂರ್ಣ ನೋಂದಣಿ ಪ್ರತಿ ಕೊಡಬೇಕು. ಅದರ ‘ವುಕುಆತ್ಲಿ’ ಅನ್ನುವ ಬಗೆಯೇ ಬೇಕು, ಅಂದರೆ ಮದುವೆ, ವಿಚ್ಛೇದನ, ಜನನದ ವಿವರಗಳಿರುವುದು. ಆ ಆಯ್ಕೆ ಒತ್ತದೆ ಸಾದಾ ಪ್ರತಿ ಇಳಿಸಿ ತಂದವರನ್ನು ಕೌಂಟರಿನಿಂದ ವಾಪಸ್ ಕಳಿಸುತ್ತಾರೆ.

ಈಗ ಒಳಗಿನ ತೊಡಕು. ಟರ್ಕಿಯ ಎಷ್ಟೋ ಸಣ್ಣ ಕಂಪನಿಗಳಲ್ಲಿ ಎಸ್‌ಜಿಕೆಗೆ ಕನಿಷ್ಠ ವೇತನ ತೋರಿಸಿ ಉಳಿದದ್ದನ್ನು ಕೈಯಲ್ಲಿ ಕೊಡುವ ರೂಢಿ ಇದೆ. ಕಂಪನಿಯ ಪತ್ರದಲ್ಲಿ ನಿಜವಾದ ಸಂಬಳ, ಎಸ್‌ಜಿಕೆಯಲ್ಲಿ ಕನಿಷ್ಠ ವೇತನ, ಬ್ಯಾಂಕ್ ಖಾತೆಯಲ್ಲಿ ಮೂರನೆಯದೇ ಅಂಕಿ. ಅಧಿಕಾರಿ ಈ ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡೇ ನೋಡುವುದು. ಇಲ್ಲಿ ಪತ್ರದ ಅಂಕಿ ಬದಲಿಸುವುದು ಪರಿಹಾರವಲ್ಲ. ಬ್ಯಾಂಕಿನಲ್ಲಿ ಕಾಣುವ ಹಣ ಎಲ್ಲಿಂದ ಬಂತು ಎಂಬುದಕ್ಕೆ ಕಾಗದ ಕೊಡಿ: ಮನೆ ಬಾಡಿಗೆಯ ಕರಾರು, ಸಂಗಾತಿಯ ಸಂಬಳ ಚೀಟಿ, ಮಾರಿದ ಕಾರಿನ ದಾಖಲೆ. ‘ತಾಪು’ ಎಂಬ ಆಸ್ತಿ ಪತ್ರ ಟರ್ಕಿಗೆ ಮರಳಿ ಬರುವ ಕಾರಣ ತೋರಿಸುತ್ತದೆ, ಆದರೆ ಸೇರಿಸಿದರೆ ಅದು ಅರ್ಜಿದಾರರ ಹೆಸರಿನಲ್ಲೇ ಇರಲಿ.

ಬ್ಯಾಂಕ್ ವಿವರ ಕಳೆದ ಮೂರು ತಿಂಗಳದ್ದು, ಶಾಖೆಯ ಮೊಹರು ಮತ್ತು ಸಹಿ ಸಮೇತ. ಅರ್ಜಿಗೆ ಒಂದು ವಾರ ಮುಂಚೆ ಅಣ್ಣನಿಂದಲೋ ಮಾವನಿಂದಲೋ ಒಟ್ಟಾಗಿ ದೊಡ್ಡ ಮೊತ್ತ ಹಾಕಿಸಿಕೊಳ್ಳುವುದು ನಿರಾಕರಣೆಗೆ ಆಹ್ವಾನ. ತಿಂಗಳಿಗೆ ಬರುವ ಸಂಬಳಕ್ಕೆ ಹೋಲಿಸಿದರೆ ಆ ಮೊತ್ತ ಎರವಲಿನದ್ದೆಂದು ಮೊದಲ ನೋಟದಲ್ಲೇ ಗೊತ್ತಾಗುತ್ತದೆ. ಮಾವನೇ ಖರ್ಚು ನೋಡಿಕೊಳ್ಳುವುದಾದರೆ ಅದನ್ನೇ ಹೇಳುವ ಪತ್ರ, ಅವರ ಖಾತೆ ವಿವರ, ಸಂಬಂಧ ತೋರಿಸುವ ಕಾಗದ ಕೊಡುವುದು ನೇರ ದಾರಿ. ಜರ್ಮನಿಯಲ್ಲಿರುವ ನೆಂಟರು ಕರೆಸಿಕೊಳ್ಳುವಾಗ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಮಾಡಿಸುವ ‘ಫೆರ್‌ಫ್ಲಿಖ್ಟುಂಗ್ಸ್‌ಎರ್ಕ್ಲೇರುಂಗ್’ ಎಂಬ ಹೊಣೆಪತ್ರಕ್ಕೆ ಸಾದಾ ಆಹ್ವಾನ ಪತ್ರಕ್ಕಿಂತ ಎಷ್ಟೋ ಹೆಚ್ಚು ತೂಕ.

ಕೊನೆಗೊಂದು ಪುಟದ ವಿವರಣಾ ಪತ್ರ. ದಿನವಾರು ಊರು, ಹೋಟೆಲ್, ಸಂಚಾರ. ಇದರ ದಿನಾಂಕಗಳು ರಜೆ ಪತ್ರ, ವಿಮೆ, ವಿಮಾನ, ಹೋಟೆಲ್ ನಾಲ್ಕರ ಜೊತೆಯೂ ಹೊಂದಬೇಕು. ರಜೆ 12ರವರೆಗೆ, ವಿಮಾನ 14ಕ್ಕೆ ಎಂದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಅನುಮಾನ ಹುಟ್ಟುತ್ತದೆ. ಫೈಲು ಒಪ್ಪಿಸುವ ಹಿಂದಿನ ರಾತ್ರಿ ದಿನಾಂಕಗಳನ್ನಷ್ಟೇ ಒಂದು ಹಾಳೆಯಲ್ಲಿ ಬರೆದು ತಾಳೆ ನೋಡಿ.

ಶುಲ್ಕ 2024ರ ಜೂನ್ 11ರಿಂದ ದೊಡ್ಡವರಿಗೆ 90 ಯುರೋ, 6ರಿಂದ 12 ವರ್ಷದೊಳಗಿನವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಉಚಿತ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಎಸ್‌ಎಂಎಸ್, ವಿಶೇಷ ಕೊಠಡಿ, ಫೋಟೊಕಾಪಿ ಇತ್ಯಾದಿ ಐಚ್ಛಿಕ, ಬೇಡ ಅನ್ನಬಹುದು. ತೆಗೆದುಕೊಂಡರೆ ವೀಸಾ ಸಿಗುವ ಸಾಧ್ಯತೆ ಹೆಚ್ಚುವುದಿಲ್ಲ. ಬೆರಳಚ್ಚು ಕೊಟ್ಟರೆ 59 ತಿಂಗಳು ನಡೆಯುತ್ತದೆ, 12ಕ್ಕಿಂತ ಚಿಕ್ಕವರಿಂದ ತೆಗೆಯುವುದಿಲ್ಲ. ತೀರ್ಮಾನವಾಗುವ ತನಕ ಪಾಸ್‌ಪೋರ್ಟ್ ದೂತಾವಾಸದವರ ಬಳಿಯೇ ಇರುವುದರಿಂದ ನಡುವೆ ಬೇರೆ ಪ್ರಯಾಣ ಇಟ್ಟುಕೊಳ್ಳಬೇಡಿ.

ಸ್ಟಿಕ್ಕರ್ ಓದುವುದು, 90 ದಿನ ಎಣಿಸುವುದು

ವೀಸಾ ಬಂದ ದಿನವೇ ಮೂರು ಕಡೆ ನೋಡಿ. ಯಾವ ದಿನದಿಂದ ಯಾವ ದಿನದವರೆಗೆ ಚಾಲ್ತಿ, ಎಷ್ಟು ಸಲ ಪ್ರವೇಶ, ಒಟ್ಟು ಎಷ್ಟು ದಿನ ಇರಬಹುದು. ಚಾಲ್ತಿಯ ಅವಧಿ 25 ದಿನ ಇದ್ದು ಇರಬಹುದಾದ ದಿನ 10 ಎಂದಿದ್ದರೆ, ಇರಬಹುದಾದದ್ದು 10 ದಿನವೇ. ಹೆಚ್ಚುವರಿ 15 ದಿನ ವಿಮಾನ ಆಚೀಚೆ ಆದರೆ ಇರಲೆಂದು ಕೊಟ್ಟ ಅವಕಾಶವಷ್ಟೆ. ಒಂದೇ ಪ್ರವೇಶದ ವೀಸಾದಲ್ಲಿ ಪ್ಯಾರಿಸ್‌ನಿಂದ ಲಂಡನ್‌ಗೆ ಹೋದರೆ ಮತ್ತೆ ಪ್ಯಾರಿಸ್‌ಗೆ ಬರುವಂತಿಲ್ಲ.

ಬಹುಪ್ರವೇಶದ ವೀಸಾ ಇದ್ದವರೂ, ಹಸಿರು ಪಾಸ್‌ಪೋರ್ಟಿನವರೂ 180ರಲ್ಲಿ 90ರ ನಿಯಮಕ್ಕೆ ಬದ್ಧರು. ಈ 180 ದಿನ ಜನವರಿಯಿಂದ ಜೂನ್ ಎಂದು ನಿಂತದ್ದಲ್ಲ, ದಿನದಿನಕ್ಕೂ ಸರಿಯುತ್ತದೆ. ಒಳಗಿರುವ ಪ್ರತಿ ದಿನವೂ ಅಂದಿನಿಂದ ಹಿಂದಕ್ಕೆ 180 ದಿನ ಎಣಿಸಿ, ಅದರೊಳಗೆ ಎಷ್ಟು ದಿನ ಕಳೆದಿದೆ ಎಂದು ನೋಡಬೇಕು. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ.

ಒಬ್ಬರು ಮಾರ್ಚ್ 1ರಿಂದ ಏಪ್ರಿಲ್ 30ರವರೆಗೆ ಇದ್ದರು ಅನ್ನೋಣ: 31 ಮತ್ತು 30, ಒಟ್ಟು 61 ದಿನ. ಜುಲೈ 1ಕ್ಕೆ ಮತ್ತೆ ಬಂದರೆ ಉಳಿದಿರುವುದು 29, ಅಂದರೆ ಜುಲೈ 29ರೊಳಗೆ ಹೊರಡಬೇಕು. ಮಾರ್ಚ್ 1 ಎಂಬ ಹಳೆಯ ದಿನ 180ರ ಕಿಟಕಿಯಿಂದ ಹೊರಬೀಳುವುದು ಆಗಸ್ಟ್ 28ಕ್ಕೆ. ಅಂದಿನಿಂದ ದಿನಕ್ಕೊಂದು ದಿನ ಮರಳಿ ಸಿಗುತ್ತಾ ಹೋಗುತ್ತದೆ. ‘ಮೇ, ಜೂನ್ ಎರಡು ತಿಂಗಳು ಹೊರಗಿದ್ದೆನಲ್ಲ, ಮತ್ತೆ 90 ಹೊಸದಾಗಿ ಶುರು’ ಎಂದು ಭಾವಿಸುವವರೇ ಹೆಚ್ಚು. ಮೊದಲು ಮಸುಕಾದ ಮೊಹರು ಓದಿ ಅಧಿಕಾರಿ ಕೈಲೆಕ್ಕ ಹಾಕಬೇಕಿತ್ತು. 2025ರ ಅಕ್ಟೋಬರ್ 12ಕ್ಕೆ ಶುರುವಾಗಿ 2026ರ ಏಪ್ರಿಲ್ 10ಕ್ಕೆ ಪೂರ್ಣ ಜಾರಿಯ ದಿನ ಗೊತ್ತುಮಾಡಿದ, ಶೆಂಗೆನ್ ಗಡಿಯಲ್ಲಿ ಬಂದುಹೋಗುವುದನ್ನು ದಾಖಲಿಸುವ ಇಇಎಸ್ ವ್ಯವಸ್ಥೆಯಲ್ಲಿ ಕಂಪ್ಯೂಟರೇ ಎಣಿಸುತ್ತದೆ.

ಒಂದು ಒಳ್ಳೆಯ ಬದಲಾವಣೆಯೂ ಆಗಿದೆ. 2025ರ ಜುಲೈ 15ರ ಯುರೋಪಿಯನ್ ಆಯೋಗದ ನಿರ್ಧಾರದಂತೆ, ಟರ್ಕಿಯಲ್ಲೇ ವಾಸವಿದ್ದು ಅಲ್ಲಿಂದ ಅರ್ಜಿ ಹಾಕುವ ಟರ್ಕಿ ಪ್ರಜೆಗಳು ಮೊದಲ ವೀಸಾವನ್ನು ನಿಯಮಬದ್ಧವಾಗಿ ಬಳಸಿದ್ದರೆ ಮುಂದಿನದ್ದು 6 ತಿಂಗಳ ಬಹುಪ್ರವೇಶ, ಆಮೇಲೆ 1 ವರ್ಷ, 3 ವರ್ಷ, 5 ವರ್ಷ ಎಂದು ಮೆಟ್ಟಿಲೇರುತ್ತದೆ. ಹಾಗಾಗಿ ಮೊದಲ ವೀಸಾ ಹತ್ತೇ ದಿನದ್ದಾದರೂ ಅದನ್ನು ಅಚ್ಚುಕಟ್ಟಾಗಿ ಬಳಸುವುದರಲ್ಲಿ ಮುಂದಿನ ಹತ್ತು ವರ್ಷದ ಲಾಭವಿದೆ.

ನಿರಾಕರಣೆಯಾದರೆ ಕಾರಣಕ್ಕೆ ಗುರುತು ಹಾಕಿದ ಒಂದು ನಮೂನೆ ಕೈಗೆ ಬರುತ್ತದೆ. ಪ್ರವಾಸದ ಉದ್ದೇಶ ನಂಬುವಂತಿಲ್ಲ, ಹಣ ಸಾಲದು, ಮರಳಿ ಹೋಗುವ ಇರಾದೆ ಖಚಿತವಿಲ್ಲ: ಈ ಮೂರೇ ಹೆಚ್ಚು. ಗುರುತು ಹಾಕಿದ ಕಾರಣಕ್ಕೆ ಹೊಸ ಕಾಗದ ಇಲ್ಲದೆ ಅದೇ ಫೈಲನ್ನು ಮತ್ತೆ ಕೊಟ್ಟರೆ ಉತ್ತರವೂ ಅದೇ ಬರುತ್ತದೆ. ಜರ್ಮನಿಯಲ್ಲಿ ದೂತಾವಾಸಕ್ಕೇ ಆಕ್ಷೇಪಣೆ ಬರೆಯುವ ಸೌಲಭ್ಯ 2025ರ ಜುಲೈ 1ಕ್ಕೆ ನಿಂತಿದೆ. ಈಗ ಹೊಸ ಅರ್ಜಿ, ಇಲ್ಲವೇ ಬರ್ಲಿನ್ನಿನ ಆಡಳಿತ ನ್ಯಾಯಾಲಯ. ಮುಂದಿನ ಅರ್ಜಿಗಳಲ್ಲಿ ಹಳೆಯ ನಿರಾಕರಣೆಯನ್ನು ಮುಚ್ಚಿಡಬೇಡಿ, ದಾಖಲೆ ಎಲ್ಲ ಶೆಂಗೆನ್ ದೇಶಗಳಿಗೂ ಕಾಣುತ್ತದೆ.

ಗ್ರೀಕ್ ದ್ವೀಪಗಳ ಬಾಗಿಲ ವೀಸಾ

ಇಡೀ ಶೆಂಗೆನ್ ಫೈಲು ಕಟ್ಟದೆ ಯುರೋಪಿನಲ್ಲಿ ಕಾಲಿಡುವ ಒಂದು ಸಣ್ಣ ದಾರಿ ಇದೆ. 2024ರಿಂದ ಏಜಿಯನ್ ಸಮುದ್ರದ ಗ್ರೀಕ್ ದ್ವೀಪಗಳು ಟರ್ಕಿ ಪ್ರಜೆಗಳಿಗೆ ಬಂದರಿನಲ್ಲೇ 7 ದಿನದ ವೀಸಾ ಕೊಡುತ್ತಿವೆ. ಬೊದ್ರುಮ್‌ನಿಂದ ಕೋಸ್, ಮರ್ಮರಿಸ್‌ನಿಂದ ರೋಡ್ಸ್, ಚೆಶ್ಮೆಯಿಂದ ಖಿಯೋಸ್, ಕುಶಾದಸಿಯಿಂದ ಸಾಮೋಸ್, ಐವಲಿಕ್‌ನಿಂದ ಲೆಸ್ಬೋಸ್. ಬಾಗಿಲ ವೀಸಾ ಅಂದರೂ ಬರಿಗೈಯಲ್ಲಿ ದೋಣಿ ಹತ್ತುವಂತಿಲ್ಲ: ಹೋಟೆಲ್, ವಿಮೆ, ಬ್ಯಾಂಕ್ ವಿವರ, ಮರಳುವ ದೋಣಿ ಟಿಕೆಟ್‌ಗಳನ್ನು ದೋಣಿ ಕಂಪನಿ ಅಥವಾ ಏಜೆನ್ಸಿಯ ಮೂಲಕ ಮುಂಚಿತವಾಗಿ ಕಳಿಸಬೇಕು, ಬಂದರಿನಲ್ಲಿ ಬೆರಳಚ್ಚು, ಶುಲ್ಕ ಕೊಡಬೇಕು. ಈ ವೀಸಾ ದ್ವೀಪಕ್ಕೇ ಸೀಮಿತ, ಅಲ್ಲಿಂದ ಅಥೆನ್ಸ್ ವಿಮಾನ ಹತ್ತುವಂತಿಲ್ಲ. ಯೋಜನೆಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ. ಆ ವರ್ಷಕ್ಕೆ ಮುಂದುವರಿದಿದೆಯೇ ಎಂದು ಮೊದಲು ವಿಚಾರಿಸಿ.

ಬ್ರಿಟನ್, ಅಮೆರಿಕ

ಬ್ರಿಟನ್ನಿನ ಇಟಿಎ ಜಾಹೀರಾತು ನೋಡಿ ಹಣ ಕಟ್ಟಬೇಡಿ, ಅದು ವೀಸಾ ಬೇಡದ ದೇಶದವರಿಗೆ. ಟರ್ಕಿಯವರು ಸ್ಟ್ಯಾಂಡರ್ಡ್ ವಿಸಿಟರ್ ವೀಸಾಕ್ಕೆ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. 6 ತಿಂಗಳದ್ದಕ್ಕೆ 2025ರ ಏಪ್ರಿಲ್‌ನಲ್ಲಿ ಶುಲ್ಕ 127 ಪೌಂಡ್ ಆಯಿತು. ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ. ಸಂದರ್ಶನ ಅಪರೂಪ, ಹಾಗಾಗಿ ಹೇಳಬೇಕಾದ್ದನ್ನೆಲ್ಲ ಕಾಗದವೇ ಹೇಳಬೇಕು, ಟರ್ಕಿಶ್ ಕಾಗದಕ್ಕೆ ಇಂಗ್ಲಿಷ್ ಅನುವಾದ ಜೊತೆಗಿರಬೇಕು.

ಅಮೆರಿಕ ಇದಕ್ಕೆ ತದ್ವಿರುದ್ಧ. ಅಂಕಾರಾ ಅಥವಾ ಇಸ್ತಾಂಬುಲ್‌ನ ಸಂದರ್ಶನದಲ್ಲಿ ಕೆಲವು ನಿಮಿಷದ ಮಾತೇ ನಿರ್ಣಾಯಕ, ಕಾಗದ ನೋಡದೆಯೂ ಕಳಿಸಬಹುದು. ವ್ಯವಹಾರ, ಪ್ರವಾಸಕ್ಕೆ ಕೊಡುವ ಬಿ-1/ಬಿ-2 ವೀಸಾಕ್ಕೆ ಡಿಎಸ್-160 ಎಂಬ ಆನ್‌ಲೈನ್ ನಮೂನೆ, 185 ಡಾಲರ್ ಅರ್ಜಿ ಶುಲ್ಕ. ನಮೂನೆಯನ್ನು ತಿದ್ದಿ ಮತ್ತೆ ಸಲ್ಲಿಸಿದರೆ ಹೊಸ ಬಾರ್‌ಕೋಡ್ ಬರುತ್ತದೆ. ಅದನ್ನು ಅಪಾಯಿಂಟ್‌ಮೆಂಟ್ ಖಾತೆಯಲ್ಲಿ ಬದಲಿಸದೆ ಹೋದರೆ ಒಳಗೆ ಬಿಡುವುದಿಲ್ಲ. 2025ರ ಸೆಪ್ಟೆಂಬರ್ 2ರಿಂದ ಮಕ್ಕಳು, ವೃದ್ಧರು ಸೇರಿ ಹೆಚ್ಚಿನವರಿಗೆ ಖುದ್ದು ಸಂದರ್ಶನ ಕಡ್ಡಾಯ. ಕಾಯುವ ಅವಧಿ ಬಹಳ ಉದ್ದವಿರುವುದರಿಂದ ಪ್ರವಾಸ ತೀರ್ಮಾನವಾಗುವ ಮೊದಲೇ ಅರ್ಜಿ ಹಾಕಿಡುವುದರಲ್ಲಿ ತಪ್ಪೇನಿಲ್ಲ.

ಬೆಂಗಳೂರಿಗೆ ಕರೆಸುವವರಿಗೆ

ಭಾರತಕ್ಕೆ ಟರ್ಕಿ ಪ್ರಜೆಗಳಿಗೆ ವೀಸಾ ಬೇಕೇ ಬೇಕು. ಕಂಪನಿಯ ಕೆಲಸಕ್ಕಾದರೆ ಬಿಸಿನೆಸ್ ವೀಸಾ. ಟೂರಿಸ್ಟ್ ವೀಸಾದಲ್ಲಿ ಬಂದು ಸಭೆಗೆ ಕೂರುವುದು ಇಬ್ಬರಿಗೂ ತೊಂದರೆ ತರುತ್ತದೆ. ಆಹ್ವಾನ ಪತ್ರ ಕಂಪನಿಯ ಲೆಟರ್‌ಹೆಡ್‌ನಲ್ಲಿರಲಿ, ಬರುವವರ ಪಾಸ್‌ಪೋರ್ಟ್ ನಂಬರು, ದಿನಾಂಕ, ಉದ್ದೇಶ, ಖರ್ಚು ಯಾರದ್ದು ಎಂಬುದು ಸ್ಪಷ್ಟವಿರಲಿ. ಬರುವ ಮುಂಚಿನ 72 ಗಂಟೆಯಲ್ಲಿ ಅವರು ಇ-ಅರೈವಲ್ ಕಾರ್ಡ್ ತುಂಬಬೇಕು. 2025ರ ಅಕ್ಟೋಬರ್ 1ರಿಂದ ಇದು ಜಾರಿಯಲ್ಲಿದೆ. ಹೋಟೆಲ್ ಬದಲು ನಿಮ್ಮ ಮನೆಯಲ್ಲೇ ಇಳಿಸಿಕೊಂಡರೆ, ಸಿ-ಫಾರ್ಮ್ ಎಂದೇ ಜನ ಕರೆಯುವ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸುವ ಹೊಣೆ ಮನೆಯವರದ್ದು. ನೆಂಟರಿಗೆ ಏಕೆ ಬೇಕು ಅಂದುಕೊಳ್ಳಬೇಡಿ, ಅಳಿಯನಾದರೂ ವಿದೇಶಿ ಪಾಸ್‌ಪೋರ್ಟ್ ಇದ್ದರೆ ಸಲ್ಲಿಸಬೇಕು.

ಹೊರಡುವ ದಿನ

ಟರ್ಕಿಯಿಂದ ಹೊರಹೋಗಲು ಟರ್ಕಿ ಪ್ರಜೆಗಳು ನಿರ್ಗಮನ ಶುಲ್ಕ ಕಟ್ಟಬೇಕು. 2024ರ ಆಗಸ್ಟ್‌ನಲ್ಲಿ ಅದು 150ರಿಂದ 500 ಲಿರಾಕ್ಕೆ, 2025ರ ಆರಂಭದಲ್ಲಿ 710ಕ್ಕೆ ಏರಿತು. ವರ್ಷವರ್ಷ ಪರಿಷ್ಕರಣೆಯಾಗುವುದರಿಂದ ಅಂದಿನ ಮೊತ್ತ ನೋಡಿಕೊಳ್ಳಿ. ಬ್ಯಾಂಕ್ ಆ್ಯಪ್‌ನಲ್ಲಿ ಗುರುತಿನ ಸಂಖ್ಯೆ ಹಾಕಿ ಕಟ್ಟಬಹುದು, ಒಮ್ಮೆ ಕಟ್ಟಿದರೆ ಒಂದು ನಿರ್ಗಮನಕ್ಕೆ. 7 ವರ್ಷ ತುಂಬದ ಮಕ್ಕಳಿಗೂ, ವಿದೇಶದಲ್ಲಿ ವಾಸದ ಪರವಾನಗಿ ಇರುವವರಿಗೂ ವಿನಾಯಿತಿ. ನ್ಯಾಯಾಲಯದ ಪ್ರಕರಣ ಇರುವವರು ತಮ್ಮ ಮೇಲೆ ನಿರ್ಗಮನ ನಿಷೇಧ ಇದೆಯೇ ಎಂದು ವಕೀಲರಿಂದ ಮೊದಲೇ ತಿಳಿದುಕೊಳ್ಳಬೇಕು.

18 ತುಂಬದವರು ಒಬ್ಬ ಪೋಷಕರ ಜೊತೆ ಅಥವಾ ಒಬ್ಬರೇ ಹೊರಟರೆ ನೋಟರಿ ಮುಂದೆ ಮಾಡಿಸಿದ ‘ಮುವಾಫಕತ್‌ನಾಮೆ’ ಇಟ್ಟುಕೊಳ್ಳಿ. ವಕಾಲತ್ತುನಾಮೆಯಂತೆಯೇ ಇದೂ ಒಂದು ನಾಮೆ, ಒಪ್ಪಿಗೆಯದ್ದು. ವಿಚ್ಛೇದಿತರಾದರೆ ಮಗು ಯಾರ ಸುಪರ್ದಿಯಲ್ಲಿದೆ ಎಂಬ ತೀರ್ಪಿನ ಪ್ರತಿ. ಟರ್ಕಿ ಗಡಿಯಲ್ಲಿ ಕೇಳದಿದ್ದರೂ ಇಳಿಯುವ ದೇಶದಲ್ಲಿ ಕೇಳುತ್ತಾರೆ.

ಸ್ವಂತ ಕಾರಿನಲ್ಲಿ ಯುರೋಪಿಗೆ ಹೋಗುವವರು ಹಸಿರು ಕಾರ್ಡ್ ವಿಮೆ ಮಾಡಿಸಬೇಕು, ಟರ್ಕಿಯ ಮಾಮೂಲಿ ವಾಹನ ವಿಮೆ ಗಡಿಯಾಚೆ ನಡೆಯುವುದಿಲ್ಲ. ಡಿಕ್ಕಿಯಲ್ಲಿ ಸುಜುಕ್, ಪಸ್ತಿರ್ಮಾದಂಥ ಮಾಂಸದ ತಿನಿಸು, ಚೀಸ್ ಇದ್ದರೆ ಇಳಿಸಿಬಿಡಿ: ಹೊರದೇಶದಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಸ್ವಂತಕ್ಕೆಂದು ತರುವುದನ್ನೂ ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ, ಜರ್ಮನಿಯಲ್ಲಿರುವ ಮಕ್ಕಳಿಗೆ ಅಮ್ಮ ಕಟ್ಟಿಕೊಟ್ಟದ್ದು ಗಡಿಯ ಕಸದ ಡಬ್ಬಿಗೆ ಹೋಗುತ್ತದೆ. 10,000 ಯುರೋ ಅಥವಾ ಹೆಚ್ಚಿನ ನಗದು ಇದ್ದರೆ ಘೋಷಿಸಬೇಕು.

ಶೆಂಗೆನ್ ಗಡಿಯಲ್ಲಿ ವೀಸಾ ಇದ್ದವರ ಮುಖದ ಚಿತ್ರ ತೆಗೆಯುತ್ತಾರೆ, ಬೆರಳಚ್ಚು ಅರ್ಜಿಯ ವೇಳೆಯೇ ದಾಖಲಾಗಿರುತ್ತದೆ. ಹಸಿರು ಪಾಸ್‌ಪೋರ್ಟಿನವರು ಮೊದಲ ಸಲ ಬೆರಳಚ್ಚನ್ನೂ ಕೊಡಬೇಕಾಗುವುದರಿಂದ ಅವರ ಸಾಲೇ ನಿಧಾನ. ಮುಂದಿನ ವಿಮಾನ ಹಿಡಿಯುವುದಿದ್ದರೆ ಸಮಯ ಬಿಟ್ಟುಕೊಳ್ಳಿ. ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದರೂ ಹೋಟೆಲ್ ಬುಕಿಂಗ್, ಮರಳುವ ಟಿಕೆಟ್, ವಿಮೆಯ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ, ಮೊಬೈಲ್‌ನಲ್ಲಿ ಮಾತ್ರವಲ್ಲ.

ಮರಳಿದ ಮೇಲೆ, ಅವಧಿ ಮುಗಿದು ಮೂಲೆ ಕತ್ತರಿಸಿ ಕೊಟ್ಟ ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ. ಅದರಲ್ಲಿರುವ ಹಳೆಯ ವೀಸಾಗಳ ಪ್ರತಿಯನ್ನು ಮುಂದಿನ ಫೈಲಿನ ಮೊದಲ ಹಾಳೆಯಾಗಿಯೇ ಜೋಡಿಸಿ. 6 ತಿಂಗಳ ವೀಸಾಕ್ಕೂ 1 ವರ್ಷದ್ದಕ್ಕೂ ಅಧಿಕಾರಿ ಮೊದಲು ಹುಡುಕುವುದು ಅದನ್ನೇ.